ಧರಣದ ನೀರು ನನ್ನ ಮಾತು ಕೇಳಲಿಲ್ಲ

ಮೊದಲು ಖರ್ಚು ಹೇಳಿಬಿಡುತ್ತೇನೆ. ನಾಲ್ಕು ಜೋಡಿ ಚಪ್ಪಲಿ. ಅದರಲ್ಲಿ ಎರಡು ಜೋಡಿ ಅಥಣಿಯಲ್ಲಿ ಕಾಲಿನ ಅಳತೆ ಕೊಟ್ಟು ಹೊಲಿಸಿದವು. ನನ್ನ ಹೆಂಡತಿಯ ತವರಿನಿಂದ ಬಂದ ಒಂದು ಹಿತ್ತಾಳೆ ಡಬ್ಬಿ. ಬೀಗರ ಒಂದು ಹೊಸ ಧೋತರ. ಒಂದು ಜೀಪಿನ ಪೂರ್ತಿ ದಿನದ ಬಾಡಿಗೆ. ಇದೆಲ್ಲದರ ಮೇಲೆ, ಕೃಷ್ಣೆಯ ದಂಡೆಯಲ್ಲಿ ಇಪ್ಪತ್ತೆರಡು ವರ್ಷ ಕಷ್ಟಪಟ್ಟು ಗಳಿಸಿದ್ದ ನನ್ನ ಮಾನ. ಇಷ್ಟೆಲ್ಲ ಹೋದದ್ದು ಯಾಕೆ? ಒಬ್ಬ ಬೋಟಿನವನ ಹದಿನೈದು ರೂಪಾಯಿ ಕೂಲಿ ಉಳಿಸಲು!

ನಗಬೇಡಿ. ಉಳಿಸಿದ್ದು ಉಳಿಸಿದ್ದೇ. ಆ ಹದಿನೈದು ರೂಪಾಯಿಯ ವಿಷಯದಲ್ಲಿ ನಾನು ಇಂದಿಗೂ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಹುಟ್ಟಿದಾಗ ನಮ್ಮ ಮನೆಯಲ್ಲಿದ್ದದ್ದು ಒಂದು ಎಮ್ಮೆ, ಅದೂ ಒದೆಯುವ ಎಮ್ಮೆ. ಹದಿನಾರನೆಯ ವಯಸ್ಸಿಗೆ ಚಿಂಚಲಿಯ ದನದ ಪೇಟೆಗೆ ಇಳಿದೆ. ಅಲ್ಲಿ ವ್ಯಾಪಾರ ಬಾಯಿಯಿಂದ ನಡೆಯುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕುಲುಕಿದಂತೆ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟಾವೆಲ್ ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತಲೂ ನೂರು ಮಂದಿ ನಿಂತಿದ್ದರೂ ದರ ಯಾರಿಗೂ ತಿಳಿಯುವುದಿಲ್ಲ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ರಾಯಬಾಗದಿಂದ ಚಿಕ್ಕೋಡಿಯವರೆಗೆ ಇರಲಿಲ್ಲ. ಟಾವೆಲ್ ಕೆಳಗೆ ಗಳಿಸಿದ ಹಣದಿಂದಲೇ ಹೊಲ ಕೊಂಡೆ, ನದಿಗೆ ಪಂಪು ಕೂಡಿಸಿದೆ, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟೆ.

ಎರಡನೆಯ ವಿದ್ಯೆ ನೀರಿನದು. ನಮ್ಮ ಕಡೆ ನದಿದಂಡೆಯ ರೈತನಿಗೆ ಆಕಾಶಕ್ಕಿಂತ ಘಟ್ಟದ ಮೇಲಿನ ಧರಣ, ಅಂದರೆ ಅಣೆಕಟ್ಟು, ಮುಖ್ಯ. ಮಹಾರಾಷ್ಟ್ರದವರು ಅಣೆಕಟ್ಟಿನಿಂದ ನೀರು ಬಿಟ್ಟರೆ ಎರಡು ಮೂರು ದಿನಕ್ಕೆ ನಮ್ಮ ನದಿ ಏರುತ್ತದೆ. ಆಗ ಪಂಪು ಬಿಚ್ಚಿ ದಂಡೆಯ ಮೇಲೆ ಎಳೆಯಬೇಕು, ಇಲ್ಲದಿದ್ದರೆ ಮುಳುಗುತ್ತದೆ. ಎಂದು ಎಳೆಯಬೇಕು? ಅದನ್ನು ಹೇಳುವವನು ನಾನು. ನದಿಯ ಘಾಟಿನ ಮೆಟ್ಟಿಲ ಬಳಿ ನೀರಿನ ಅಂಚಿಗೆ ಒಂದು ಕಡ್ಡಿ ಊರುತ್ತಿದ್ದೆ, ಬೀಡಿ ಸೇದುತ್ತ ನೋಡುತ್ತಿದ್ದೆ, ಎದ್ದು ನಿಂತು "ಎಳೀರಿ!" ಎನ್ನುತ್ತಿದ್ದೆ. ಊರಿಗೆ ಊರೇ ಎಳೆಯುತ್ತಿತ್ತು. ಕಡ್ಡಿ ನನಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ತೊಂಬತ್ತರ ಆಸುಪಾಸು. ನದಿಯಿಂದ ದೂರದ ಎತ್ತರದ ಹೊಲದಲ್ಲಿ ನಾನು ದ್ರಾಕ್ಷಿ ಹಚ್ಚಿದ್ದೆ. ಅಲ್ಲಿಗೆ ಪೈಪ್‌ಲೈನ್ ಒಯ್ಯಬೇಕೆಂದರೆ ನಡುವೆ ಒಂದೇ ಹೊಲ ಅಡ್ಡ. ಅದು ನನ್ನ ಬೀಗರದ್ದು, ಅಂದರೆ ಮಗಳ ಮಾವ ಅಪ್ಪಾಸಾಹೇಬರದ್ದು. ಅವರು ಒಂದು ಕಾಗದಕ್ಕೆ ಸಹಿ ಮಾಡಿದರೆ ನನ್ನ ದ್ರಾಕ್ಷಿ ಬದುಕುತ್ತದೆ. ಮಾಡದಿದ್ದರೆ ಬಳ್ಳಿ ಕಿತ್ತು ಒಲೆಗೆ ಹಾಕಬೇಕು. ಆದರೆ ಅಪ್ಪಾಸಾಹೇಬರು ಮಾತು ಕಡಿಮೆಯ ಮನುಷ್ಯ. ಆರು ತಿಂಗಳಿಂದ ನಾನು ಕೇಳಿದಾಗಲೆಲ್ಲ ಎಲೆ ಅಡಿಕೆ ಮೆಲ್ಲುತ್ತ ಒಂದೇ ಉತ್ತರ: "ನೋಡೂಣ್ರಿ."

"ಮಗಳ ಮಾವ ಅದಾರ. ಮನಿಗೆ ಹೋಗಿ ಹಿಂಗ ಹಿಂಗ ಅಡಚಣಿ ಐತ್ರಿ ಅಂತ ನೆಟ್ಟಗ ಕೇಳ್ರಿ," ಎಂದಳು ನನ್ನ ಹೆಂಡತಿ ಕಸ್ತೂರಿ.

"ನೆಟ್ಟಗ ಕೇಳಿದ್ರ ದರಾ ಏರತೈತಿ. ಮೊದ್ಲ ಎತ್ತಿನ ಮೈ ಸವರಬೇಕು, ಆಮ್ಯಾಗ ಹಲ್ಲು ನೋಡಬೇಕು."

"ಅವ್ರೇನು ಎತ್ತೇನ್ರಿ?"

ಈ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಾಗಿರಲಿಲ್ಲ. ನಾನು ಬೇರೆ ಯೋಜನೆ ಹಾಕಿದೆ. ಸಂಕ್ರಾಂತಿ ಮುಗಿದಿತ್ತು. ಬೀಗರನ್ನೂ ಬೀಗತಿ ಚಂಪವ್ವನವರನ್ನೂ ಘಟ್ಟದ ಮೇಲಿನ ಧರಣಕ್ಕೆ ಸಹಲಿಗೆ, ಅಂದರೆ ವಿಹಾರಕ್ಕೆ, ಕರೆದುಕೊಂಡು ಹೋಗುವುದು. ಬೋಟಿನಲ್ಲಿ ತಿರುಗಿಸುವುದು. ಹೊಟ್ಟೆ ತುಂಬ ಉಣಿಸುವುದು. ನೀರಿನ ನಡುವೆ ಕುಳಿತು ನೀರಿನ ವಿಷಯದಲ್ಲಿ ನನಗಿರುವ ಜ್ಞಾನವನ್ನು ತೋರಿಸುವುದು. ಮನುಷ್ಯ ಅಲ್ಲಿಯೇ ಕರಗಿ ಸಹಿ ಮಾಡಬೇಕು! ಕಾಗದವನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೆ. ಪೆನ್ನು ಎರಡು. ಒಂದು ಓಡದಿದ್ದರೆ ಇನ್ನೊಂದು.

ಬೆಳಗಿನ ಚಳಿಯಲ್ಲಿ ಜೀಪು ಹೊರಟಿತು. ನಿಪ್ಪಾಣಿಯಲ್ಲಿ ಚಹಾ. ಕೊಲ್ಹಾಪುರ ದಾಟಿ ಘಟ್ಟ ಹತ್ತಿದೆವು. ಆ ಧರಣದ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ನನ್ನ ಮುಖ ಇನ್ನೂ ನೆನಪಿರಬಹುದು. ಬೆಟ್ಟಗಳ ನಡುವೆ ಕರೆಂಟು ತಯಾರಿಸಲು ಕಟ್ಟಿದ ಸಣ್ಣ ಜಲಾಶಯ ಅದು. ನೀರು ನೀಲಿಯಾಗಿ, ಅಲುಗದೆ, ಇಸ್ತ್ರಿ ಮಾಡಿದ ಸೀರೆಯಂತೆ ಹಾಸಿಕೊಂಡಿತ್ತು.

"ಅವ್ವಾ! ಇಷ್ಟೊಂದು ನೀರ!" ಎಂದು ಚಂಪವ್ವನವರು ಕೈ ಮುಗಿದರು.

"ಇದs ನೀರು ಬೀಗತಿಯಾರ, ನಮ್ಮ ನದಿಗೆ ಬರೂದು. ಇಲ್ಲಿ ಒಂದ್ ಬಾಗಲಾ ತಗದ್ರ ಅಲ್ಲಿ ನನ್ನ ಕಡ್ಡಿ ಅಲಗ್ಯಾಡತೈತಿ," ಎಂದೆ.

ಅಪ್ಪಾಸಾಹೇಬರು ನೀರು ನೋಡಿದರು. ನನ್ನನ್ನು ನೋಡಿದರು. "ಹೂಂ," ಎಂದರು. "ನೋಡೂಣ್ರಿ"ಯಿಂದ "ಹೂಂ"ಗೆ ಬಂದಿದ್ದರು. ವ್ಯಾಪಾರ ಕುದುರುತ್ತಿತ್ತು!

ದಂಡೆಯಲ್ಲಿ ನಾಲ್ಕೈದು ಹುಟ್ಟು ಹಾಕುವ ದೋಣಿಗಳಿದ್ದವು. ದೋಣಿಯವನ ಹೆಸರು ಪಾಂಡುರಂಗ. ನಲವತ್ತರ ಗಟ್ಟಿ ಆಳು, ಮರಾಠಿ ಮಾತಿನವನು. ನಮಗೆ ಮರಾಠಿ ಮನೆಯ ಮಾತಿನಷ್ಟೇ ಸಲೀಸು. ನಡುಗಡ್ಡೆಗೆ ಹೋಗಿ ಬರಲು ನಾಲ್ವರಿಗೆ ಮೂವತ್ತು ರೂಪಾಯಿ ಎಂದ. ನಾನು ಏನೂ ಮಾತಾಡದೆ ಅವನ ಕೈ ಹಿಡಿದು ಮೇಲೆ ಟಾವೆಲ್ ಹಾಕಿದೆ. ಅವನ ಬೆರಳು ಒತ್ತಿದೆ.

ಪಾಂಡುರಂಗ ಕಿಲಕಿಲ ನಕ್ಕ. "ಕಾಕಾ, ಹೇ ಕಾಯ್, ಗುದಗುಲ್ಯಾ?" ಎಂದು ಕೇಳಿ ಕೈ ಎಳೆದುಕೊಂಡ. ಕಚಗುಳಿ ಇಡುತ್ತಿದ್ದೇನೆ ಎಂದುಕೊಂಡಿದ್ದ!

ಕೊನೆಗೆ ಬಾಯಿಯಿಂದಲೇ ಚೌಕಾಸಿ ಮಾಡಬೇಕಾಯಿತು. ದೋಣಿಗೆ ಎಷ್ಟು, ನಿನಗೆ ಎಷ್ಟು ಎಂದು ಬಿಡಿಸಿ ಕೇಳಿದೆ. ದೋಣಿಗೆ ಹದಿನೈದು, ಹುಟ್ಟು ಹಾಕುವ ತನಗೆ ಹದಿನೈದು ಎಂದ. ಹಾಗಾದರೆ ನೀನು ಬೇಡ, ದೋಣಿ ಸಾಕು ಎಂದೆ. ಅವನ ಮುಖ ಸಣ್ಣದಾಯಿತು. ಕೊಡಲು ಮನಸ್ಸಿಲ್ಲದಿದ್ದರೂ ನನ್ನ ಬಾಯಿ ಮುಚ್ಚಿಸಲು ಕೊಟ್ಟ. ಹುಟ್ಟು ಕೈಗೆ ಕೊಡುವಾಗ ಒಂದು ಮಾತು ಹೇಳಿದ: "ಕಾಕಾ, ನಾಲ್ಕು ಗಂಟೆಗೆ ಭೋಂಗಾ ಆಗುತ್ತದೆ, ಕಟ್ಟೆಯ ಸೈರನ್ನು. ಸಂಜೆಯ ಕರೆಂಟಿಗಾಗಿ ನೀರು ಬಿಡುತ್ತಾರೆ. ಅದಕ್ಕಿಂತ ಮೊದಲು ಬಂದುಬಿಡಿ. ಇಲ್ಲದಿದ್ದರೆ ದೋಣಿಯನ್ನು ಆಳದ ನೀರಿನಲ್ಲೇ ಇಡಿ."

ನೀರು ಬಿಡುವ ಬಗ್ಗೆ ನನಗೆ ಪಾಠ! ನಾನು ಮೀಸೆ ಸವರಿಕೊಂಡು ಅಂದೆ: "ತಮ್ಮಾ, ನೀ ಹುಟ್ಟು ಹಿಡಿಯೂಕಿಂತ ಮೊದ್ಲಿಂದ ನಾ ಧರಣದ ನೀರು ಕಾದಾಂವ ಅದೀನಿ."

ದೋಣಿ ಹೊರಟಿತು. ಎಲ್ಲಿಗೆ ಎಂಬುದು ಮಾತ್ರ ಮೊದಲಿಗೆ ತೀರ್ಮಾನವಾಗಲಿಲ್ಲ. ಬಲಗಡೆಯ ಹುಟ್ಟು ನನ್ನದು, ಎಡಗಡೆಯದು ಬೀಗರದು. ನಾನು ಜೋರಾಗಿ ಎಳೆದರೆ ದೋಣಿ ಎಡಕ್ಕೆ, ಬೀಗರು ಎಳೆದರೆ ಬಲಕ್ಕೆ. ಗಾಣದ ಎತ್ತಿನಂತೆ ಇದ್ದಲ್ಲೇ ಆರು ಸುತ್ತು ಹಾಕಿದೆವು. ದಂಡೆಯಲ್ಲಿ ಪಾಂಡುರಂಗ ಕುಳಿತುಬಿಟ್ಟಿದ್ದ. ನಿಂತು ನಗಲು ಅವನಿಗೆ ಸಾಧ್ಯವಾಗುತ್ತಿರಲಿಲ್ಲ.

"ಇಬ್ರೂ ಕೂಡಿ ಎಳೀರಿ. ನಾ ಹೂಂ ಅಂದಾಗ ಎಳೀರಿ," ಎಂದಳು ಕಸ್ತೂರಿ. "ಹೂಂ! ಹೂಂ! ಹೂಂ!" ದೋಣಿ ನೆಟ್ಟಗೆ ಹೋಯಿತು. ಇದನ್ನು ನಾನೇ ಹೇಳುವವನಿದ್ದೆ. ಅವಳು ಅವಸರ ಮಾಡಿದಳು.

ನಡುಗಡ್ಡೆ ಒಂದು ಸಣ್ಣ ಗುಡ್ಡ. ಮೇಲೆ ಎರಡು ನೇರಳೆ ಮರ, ತಣ್ಣನೆಯ ನೆರಳು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು, ಹಿತ್ತಾಳೆ ಡಬ್ಬಿಯ ತುಂಬ ಹೋಳಿಗೆ. ಅಪ್ಪಾಸಾಹೇಬರು ಐದು ಹೋಳಿಗೆ ತಿಂದರು. ಆರನೆಯದಕ್ಕೆ ಕೈ ಹಾಕುವಾಗ ನಾನು ಒಳಜೇಬಿಗೆ ಕೈ ಹಾಕಿದೆ.

"ಬೀಗರ, ಆ ಪೈಪಿನ ಮಾತು..."

"ಹೌದ್ರಿ," ಎಂದರು ಅಪ್ಪಾಸಾಹೇಬರು. ಆರು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟರು. "ನನಗೂ ಮನಸ್ಸಿನ್ಯಾಗ ಐತಿ. ಆದ್ರ ಒಂದ್ ಅಂಜಿಕಿ. ಪೈಪು ಒಡದ್ರ ನನ್ನ ಹೊಲಾ ಕೊಚ್ಚಿಕೊಂಡ್ ಹೊಕ್ಕೈತಿ. ನೀರಿನ ಆಟಾ ಗೊತ್ತಿದ್ದಾಂವ ಬೇಕ್ರಿ ಅದಕ್ಕ."

"ನನ್ನಷ್ಟು ಗೊತ್ತಿದ್ದಾಂವ ಯಾಂವ ಅದಾನ್ರಿ?" ಎಂದು ಪೆನ್ನಿನ ಟೋಪಿ ತೆಗೆದು ಅವರ ಕೈಗೆ ಕೊಟ್ಟೆ.

ಸರಿಯಾಗಿ ಆಗಲೇ ಕಟ್ಟೆಯ ಕಡೆಯಿಂದ ಭೋಂಗಾ ಕೂಗಿತು. ಗುಡ್ಡಕ್ಕೆ ಗುಡ್ಡವೇ ಓಗೊಟ್ಟಿತು.

ಇಪ್ಪತ್ತೆರಡು ವರ್ಷದ ಅಭ್ಯಾಸ! ನನ್ನ ಕಾಲು ತಾನಾಗಿ ಎದ್ದು ನಿಂತಿತು. ಧರಣದಿಂದ ನೀರು ಬಿಟ್ಟರು ಎಂದರೆ ನೀರು ಏರುತ್ತದೆ. ಇದು ನಮ್ಮ ನೆತ್ತರಿನಲ್ಲಿ ಇಳಿದ ಮಾತು.

"ನೀರು ಬಿಟ್ರು! ಏಳ್ರಿ, ಏರತೈತಿ! ದೋಣಿ ಎಳೀರಿ ಮ್ಯಾಲ!"

ಬೀಗರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಓಡಿ ಬಂದರು. ಪಂಪು ಎಳೆಯುವಾಗ ಕೂಗುವಂತೆ ನಾನು "ಐಸಾ!" ಎಂದೆ. ನಾಲ್ವರೂ ಸೇರಿ ಆ ಭಾರದ ದೋಣಿಯನ್ನು ನೀರಿನಿಂದ ಹೊರಗೆ ಎಳೆದೆವು. ನನಗೆ ಅಷ್ಟು ಸಾಲಲಿಲ್ಲ. ಇನ್ನೂ ಹತ್ತು ಮಾರು ಮೇಲೆ ಎಳೆಸಿ ನೇರಳೆ ಮರಕ್ಕೆ ಕಟ್ಟಿಸಿದೆ. ತಾಟು, ಚರಿಗೆ, ಡಬ್ಬಿ, ಜಮಖಾನೆ ಎಲ್ಲ ಗುಡ್ಡದ ತುದಿಗೆ ಸಾಗಿಸಿದೆ. ಚಂಪವ್ವನವರು ಮೊಣಕಾಲು ಹಿಡಿದುಕೊಂಡು "ಯವ್ವಾ, ಯವ್ವಾ" ಎನ್ನುತ್ತ ಹತ್ತಿದರು. ನಂತರ ನಾನು ಶಾಂತವಾಗಿ ಇಳಿದು ಹೋಗಿ ನೀರಿನ ಅಂಚಿಗೆ ಒಂದು ಕಡ್ಡಿ ಊರಿ ಬಂದು, ಬೀಡಿ ಹಚ್ಚಿದೆ.

"ಈಗ ನೋಡ್ರಿ ಬೀಗರ, ಆಟಾ!"

ನೋಡಿದೆವು. ಅರ್ಧ ಬೀಡಿ ಆಯಿತು.

"ಬೀಗರ," ಎಂದರು ಅಪ್ಪಾಸಾಹೇಬರು, "ಕಡ್ಡಿ ನೀರು ಬಿಟ್ಟು ಹೊರಗ ನಿಂತೈತಲ್ರಿ?"

"ನೀರು ಮೊದ್ಲ ಹಿಂದ ಸರೀತೈತ್ರಿ. ಟಗರು ಗುದ್ದೂಕಿಂತ ಮೊದ್ಲ ಹಿಂದ ಸರಿಯೂದಿಲ್ಲೇನು? ಹಂಗ."

ಹೋಗಿ ಎರಡನೆಯ ಕಡ್ಡಿ ಊರಿ ಬಂದೆ. ಅದೂ ಹೊರಗೆ ನಿಂತಿತು. ಮೂರನೆಯದೂ. ದಂಡೆಯ ಉದ್ದಕ್ಕೂ ನನ್ನ ಕಡ್ಡಿಗಳು ಸಾಲಾಗಿ, ಶಾಲೆಯ ಹೊರಗೆ ನಿಲ್ಲಿಸಿದ ಹುಡುಗರಂತೆ ನಿಂತವು. ಆ ಕಡೆ ದಂಡೆ ಸಮತಟ್ಟು. ಒಂದು ಗೇಣು ನೀರು ಇಳಿದರೆ ಹತ್ತು ಮಾರು ಕೆಸರು ಬಾಯಿ ಬಿಡುತ್ತಿತ್ತು. ನಮ್ಮ ನಡುಗಡ್ಡೆ ಊದಿಕೊಂಡಂತೆ ದೊಡ್ಡದಾಗುತ್ತಲೇ ಇತ್ತು.

ಕಸ್ತೂರಿ ಮೆಲ್ಲಗೆ ಕೇಳಿದಳು: "ರೀ, ಹಂಡೇದಾಗಿನ ನೀರು ತೋಡಿ ಬಕೀಟಿಗೆ ಹಾಕಿದ್ರ ಬಕೀಟು ತುಂಬತೈತೋ, ಹಂಡೇ ತುಂಬತೈತೋ?"

"ಬಕೀಟು."

"ನಾವೀಗ ಎದರಾಗ ಅದೀವ್ರಿ?"

ನಾನು ಬೀಡಿ ಎಸೆದೆ. "ಹಂಡೇ ಬ್ಯಾರೆ, ಧರಣ ಬ್ಯಾರೆ! ಇದು ಸರಕಾರದ್ದು!"

ಬೀಗರು ಕೈಯಲ್ಲಿದ್ದ ಪೆನ್ನನ್ನು ಮೆಲ್ಲನೆ ನನಗೆ ಹಿಂತಿರುಗಿ ಕೊಟ್ಟರು.

ಐದು ಗಂಟೆಯ ಹೊತ್ತಿಗೆ ಸರಕಾರವೂ ಹಂಡೆಯ ಪಕ್ಷ ಸೇರಿತು. ನಾವೂ ನೀರೂ ಮುಖ ನೋಡಿಕೊಳ್ಳುತ್ತಿದ್ದೆವು. ನಡುವೆ ಕರಿ ಕೆಸರು. ದೋಣಿ ಮರಕ್ಕೆ ಕಟ್ಟಿಸಿಕೊಂಡು ಎಮ್ಮೆಯಂತೆ ಮಲಗಿತ್ತು. ಸಾಮಾನನ್ನೆಲ್ಲ ದೋಣಿಗೆ ಹಾಕಿಸಿ ಮತ್ತೆ "ಐಸಾ!" ಎಂದೆ. ಈ ಸಲ ಯಾರ ದನಿಯೂ ಕೂಡಲಿಲ್ಲ. ಹೇಗೋ ಕೆಸರಿನ ಅರ್ಧದವರೆಗೆ ತಳ್ಳಿದೆವು. ಅಲ್ಲಿ ದೋಣಿ ಕೂತಿತು. ನಾವೂ ಕೂತೆವು. ಚಪ್ಪಲಿಗಳು ಒಂದೊಂದಾಗಿ "ಪಚಕ್" ಎಂದು ಹೇಳಿ ಒಳಗೆ ಹೋದವು. ಅಥಣಿಯ ಚಪ್ಪಲಿ ಅಷ್ಟು ಮೆತ್ತಗೆ ನಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಪ್ಪಾಸಾಹೇಬರು ಮೊಣಕಾಲಿನವರೆಗೆ ಇಳಿದಿದ್ದರು. ನಾನು ಅವರನ್ನು ಎಳೆಯಲು ಹೋದೆ. ಧೋತರ ಹಿಡಿದು ಎಳೆದೆ. ಧೋತರ ಬಂತು. ಬೀಗರು ಬರಲಿಲ್ಲ!

ಹೆಂಗಸರಿಬ್ಬರೂ ತಟ್ಟನೆ ಬೆನ್ನು ತಿರುಗಿಸಿ ಬೆಟ್ಟದ ಸೌಂದರ್ಯ ನೋಡತೊಡಗಿದರು. ಬೀಗರು ಉದ್ದನೆಯ ಅಂಗಿಯನ್ನು ಎರಡೂ ಕೈಯಿಂದ ಕೆಳಗೆ ಜಗ್ಗುತ್ತ ಹೇಳಿದ್ದು ಒಂದೇ ಮಾತು: "ಬೀಗರ, ಇನ್ನ ಸಾಕ್ರಿ ಸಹಲು."

ಅಷ್ಟರಲ್ಲಿ ದೂರದಲ್ಲಿ ಪಾಂಡುರಂಗನ ಇನ್ನೊಂದು ದೋಣಿ ಕಾಣಿಸಿತು. ನೀರಿನ ಅಂಚಿನಲ್ಲಿ ಅದನ್ನು ನಿಲ್ಲಿಸಿ, ಕೆಸರಿನ ಮೇಲೆ ಹಲಗೆ ಹಾಸಿಕೊಳ್ಳುತ್ತ ಬಂದ. ನಗಲಿಲ್ಲ. ಆ ಒಂದು ಉಪಕಾರವನ್ನು ನಾನು ಮರೆತಿಲ್ಲ. ನನ್ನ ಹತ್ತಿರ ಬಗ್ಗಿ ಕೈ ಚಾಚಿದ. ಕೆಸರಿನಲ್ಲಿ ಕೈ ಜಾರಬಾರದೆಂದು ತನ್ನ ಟಾವೆಲನ್ನು ಕೈಗೆ ಸುತ್ತಿಕೊಂಡಿದ್ದ.

ಟಾವೆಲ್! ಒಳಗೆ ಕೈ! ನಾನು ಹಿಡಿದೆ. ಅವನು ಐದೂ ಬೆರಳನ್ನು ಗಟ್ಟಿಯಾಗಿ ಹಿಡಿದು ಎಳೆದ. ಐದು! ಪೇಟೆಯ ಮನುಷ್ಯನ ಬಾಯಿ ಸುಮ್ಮನಿರುತ್ತದೆಯೇ?

"ಐದು ಭಾಳ ಆತು! ಮೂರು!" ಎಂದು ಎರಡು ಬೆರಳು ಬಿಡಿಸಿಕೊಂಡೆ.

ಮೂರು ಬೆರಳಿನ ಮೇಲೆ ಎಂಬತ್ತು ಕಿಲೋ ನಿಲ್ಲುವುದಿಲ್ಲ. ನಾನು ಅಂಗಾತ ಕೆಸರಿಗೆ ಬಿದ್ದೆ. ಕಿವಿಯಲ್ಲಿ, ಮೀಸೆಯಲ್ಲಿ, ಒಳಜೇಬಿನಲ್ಲಿ ಕೆಸರು. ಕಾಗದ ಅಂಬಲಿಯಾಯಿತು.

ಕಸ್ತೂರಿ ಹಲಗೆಯ ಮೇಲೆ ನಿಂತು ಪಾಂಡುರಂಗನಿಗೆ ಹೇಳಿದಳು: "ತಮ್ಮಾ, ನೀ ಹೇಳಿದ್ದು ಕೇಳ್ಲಿಲ್ಲ, ನಮ್ದs ತಪ್ಪು. ಮೊದ್ಲ ಬೀಗರನ್ನ ಎತ್ತಪಾ. ಆಮ್ಯಾಗ ಬೀಗತಿಯಾರನ್ನ. ಇವ್ರನ್ನ ಕಡೀಕ ಎತ್ತು. ಇನ್ನೂ ದರಾ ಮುಗದಿಲ್ಲ ಇವ್ರದು."

ಅವನು ಎಲ್ಲರನ್ನೂ ದಂಡೆ ಸೇರಿಸಿದ. ದುಡ್ಡು ಕೊಡಲು ಹೋದರೆ ಬೇಡವೆಂದ. ಕಸ್ತೂರಿ ಉಳಿದ ಹೋಳಿಗೆಯನ್ನು ಡಬ್ಬಿಯ ಸಮೇತ ಅವನ ಕೈಗಿಟ್ಟಳು. "ಡಬ್ಬಿ ವಾಪಸ್ ಇಸ್ಕೋ," ಎಂದು ನಾನು ಪಿಸುಗುಟ್ಟಿದೆ. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಜೀಪಿನಲ್ಲಿ ನಾಲ್ವರು ಬರಿಗಾಲಿನಲ್ಲಿ ಕುಳಿತೆವು. ಬೀಗರು ಜಮಖಾನೆ ಸುತ್ತಿಕೊಂಡಿದ್ದರು. ನಿಪ್ಪಾಣಿಯಲ್ಲಿ ಚಹಾ ಕುಡಿಯಲು ಯಾರೂ ಇಳಿಯಲಿಲ್ಲ. ನನ್ನ ದ್ರಾಕ್ಷಿ ಬಳ್ಳಿಗಳು ಕಣ್ಣ ಮುಂದೆ ಒಣಗಿ ಕಟ್ಟಿಗೆಯಾಗುತ್ತಿದ್ದವು.

ಒಂದು ಮಾತು ಮಾತ್ರ ದಾಖಲಾಗಲಿ. ಮೂರನೆಯ ದಿನ ನಮ್ಮ ಊರ ನದಿಯಲ್ಲಿ ನೀರು ಎರಡು ಬೆರಳು ಏರಿತು! ನಾನು ಹಾಸಿಗೆಯಲ್ಲಿ ಸೀನುತ್ತ ಮಲಗಿದ್ದೆ. ಆದರೂ ಎದ್ದು ಹೋಗಿ ನೋಡಿ ಬಂದೆ. ಧರಣದಿಂದ ನೀರು ಬಿಟ್ಟರೆ ಏರುತ್ತದೆ ಎಂದು ನಾನು ಹೇಳಿದ್ದು ಸುಳ್ಳಾಯಿತೇ? ಇಲ್ಲ! ನನ್ನ ಸಿದ್ಧಾಂತ ಸರಿಯಾಗಿಯೇ ಇತ್ತು. ನಾನು ಕುಳಿತ ಜಾಗ ಮಾತ್ರ ತಪ್ಪಿತ್ತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಊರು ಇಷ್ಟು ದಿನ ನಗುವ ಅಗತ್ಯವಿರಲಿಲ್ಲ.

ಎಂಟು ದಿನ ಬಿಟ್ಟು ಅಪ್ಪಾಸಾಹೇಬರು ತಾವಾಗಿ ಮನೆಗೆ ಬಂದರು. ಕೈಯಲ್ಲಿ ಹೊಸ ಸ್ಟಾಂಪ್ ಪೇಪರು. ಸಹಿ ಆಗಿತ್ತು! ನಾನು ಹಾಸಿಗೆಯಿಂದ ಹಾರಿ ಬಂದೆ.

"ಬೀಗರ! ನನಗ ಗೊತ್ತಿತ್ರಿ, ನಿಮ್ಮ ಮನಸ್ಸು..."

"ಮೊದ್ಲ ಓದ್ರಿ," ಎಂದರು.

ಓದಿದೆ. ತಮ್ಮ ಹೊಲದಲ್ಲಿ ಪೈಪ್ ಹಾಯಿಸಲು ಸೌಭಾಗ್ಯವತಿ ಕಸ್ತೂರಿಯವರಿಗೆ ಸಂತೋಷದಿಂದ ಒಪ್ಪಿಗೆ ಕೊಟ್ಟಿದ್ದಾರೆ. ಕೆಳಗೆ ಒಂದು ಷರತ್ತು: ಮೋಟರು ಚಾಲು ಮಾಡುವುದು, ಬಂದ್ ಮಾಡುವುದು, ವಾಲ್ವು ತಿರುಗಿಸುವುದು ಸದರಿ ಕಸ್ತೂರಿಯವರೇ ಮಾಡತಕ್ಕದ್ದು. ಅವರ ಯಜಮಾನರು ಸದರಿ ವಾಲ್ವಿನಿಂದ ಹತ್ತು ಮಾರು ದೂರ ಇರತಕ್ಕದ್ದು.

"ಇದೇನ್ರಿ ಬೀಗರ?"

"ನೀರಿನ ಆಟಾ ಗೊತ್ತಿದ್ದವ್ರು ಬೇಕು ಅಂದಿದ್ದೆಲ್ರಿ ನಾ? ಸಿಕ್ಕರು," ಎಂದರು ಅಪ್ಪಾಸಾಹೇಬರು. ಅವರ ಜನ್ಮದಲ್ಲಿ ಅಷ್ಟು ಉದ್ದದ ನಗೆ ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ಒಳಗಿನಿಂದ ಕಸ್ತೂರಿ ಚಹಾ ತಂದಳು. "ನೆಟ್ಟಗ ಕೇಳ್ರಿ ಅಂತ ಹೇಳಿದ್ದೆ," ಎಂದು ಹೇಳಲಿಲ್ಲ. ಹೇಳಿದ್ದರೆ ಜಗಳ ತೆಗೆಯಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ.

ಓದುಗರೇ, ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಘಟ್ಟದ ಧರಣಕ್ಕೆ ಸಹಲಿಗೆ ಹೋದರೆ ಹುಟ್ಟು ಹಾಕುವವನನ್ನು ಬಿಟ್ಟು ಬರೀ ದೋಣಿ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೂ ಅದನ್ನು ನೀರಿನಲ್ಲೇ ಬಿಡಿ. ದೋಣಿಗೆ ನೀರಿನಲ್ಲಿರುವುದು ಅಭ್ಯಾಸ. ಕೆಸರಿಗೆ ಇಳಿಯುವ ಮೊದಲು ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ. ಬೀಗರನ್ನು ಎಳೆಯುವುದಾದರೆ ರಟ್ಟೆ ಹಿಡಿದು ಎಳೆಯಿರಿ, ಬಟ್ಟೆ ಹಿಡಿದು ಅಲ್ಲ. ಯಾರಾದರೂ ಮೇಲೆತ್ತಲು ಕೈ ಕೊಟ್ಟರೆ ಐದಕ್ಕೇ ಒಪ್ಪಿಕೊಳ್ಳಿ. ಇನ್ನು ನದಿಗೆ ನೀರು ಎಂದು ಬರುತ್ತದೆ, ಪಂಪು ಎಂದು ಎಳೆಯಬೇಕು ಎಂಬ ಸಂಶಯ ಬಂದರೆ ಅತ್ತಿತ್ತ ಅಲೆಯಬೇಡಿ, ನೇರವಾಗಿ ನನ್ನ ಹತ್ತಿರವೇ ಬನ್ನಿ. ಈ ಭಾಗದಲ್ಲಿ ನನ್ನಷ್ಟು ತಿಳಿದವರು ಇನ್ನೂ ಹುಟ್ಟಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯಿರಿ. ಅಷ್ಟರಲ್ಲಿ ನಾನು ಒಳಗೆ ಹೋಗಿ ಕಸ್ತೂರಿಯನ್ನು ಕೇಳಿಕೊಂಡು ಬಂದು ಹೇಳುತ್ತೇನೆ.